ಬಾಲ ಕತ್ತರಿಸಬೇಡಿ



ನಮ್ಮ ಗೋಡೆ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಗಿಡ ನೆಡುವುದು, ಸ್ವಚ್ಛತೆ, ಸಮಯದ ಮಹತ್ವ ಇಂಥ ವಿಷಯಗಳ ಬಗ್ಗೆ ಬರೆಯುತ್ತೇವೆ. ಈ ಸಲ ನಾನು ಇಂಗ್ಲಿಷ್ ವ್ಯಾಕರಣದ ಬಗ್ಗೆ ಬರೀತೀನಿ ಅಂದಾಗ ಸಂಪಾದಕ ಮಂಡಳಿಯ ಗೆಳೆಯರು ನಕ್ಕುಬಿಟ್ಟರು. "ಅದನ್ನ ಯಾರಪ್ಪಾ ನಿಂತ್ಕೊಂಡು ಓದ್ತಾರೆ?" ಅಂದರು. ದಯವಿಟ್ಟು ನಿಂತು ಓದಿ. ಇದರಲ್ಲಿ ನಮ್ಮಜ್ಜಿಯ ಕಾಲಿನ ವಿಷಯ ಇದೆ.

ಕಳೆದ ರಾಗಿ ಕೊಯ್ಲಿನಲ್ಲಿ ಅಜ್ಜಿಯ ಕಾಲಿಗೆ ಕುಡುಗೋಲು ತಗುಲಿ ಗಾಯವಾಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಔಷಧಿ ಹಚ್ಚಿ, ಬ್ಯಾಂಡೇಜು ಕಟ್ಟಿ, ಒಂದು ಚೀಟಿ ಕೊಟ್ಟು ಕಳಿಸಿದರು. ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ಒಂದು ಸಾಲು ಇತ್ತು: 'ದ ಬ್ಯಾಂಡೇಜ್ ಮಸ್ಟ್ ಬಿ ಟೇಕನ್ ಆಫ್ ಆಫ್ಟರ್ ತ್ರೀ ಡೇಸ್.' ನಮ್ಮ ಮನೆಯಲ್ಲಿ ಇಂಗ್ಲಿಷ್ ಓದೋನು ನಾನೊಬ್ಬನೇ. "ಏನ್ ಬರ್ದವ್ರೆ ಓದ್ಲಾ ಮಗಾ" ಅಂದಳು ಅಜ್ಜಿ. ನಾನು ಬಹಳ ಗತ್ತಿನಿಂದ ಓದಿದೆ. 'ಮಸ್ಟ್ ಬಿ' ಅಂದರೆ ಬೇಕು. 'ಟೇಕನ್' ಅನ್ನೋದು 'ಟೇಕ್'ನ ಮೂರನೇ ರೂಪ. ಟೇಕ್, ಟುಕ್, ಟೇಕನ್ ಅಂತ ನನಗೆ ಬಾಯಿಪಾಠ ಬರುತ್ತೆ. ಟೇಕ್ ಅಂದರೆ ತೆಗೆದುಕೊಳ್ಳುವುದು. ಅಲ್ಲಿಗೆ ಅರ್ಥ ಆಯಿತಲ್ಲ: ಮೂರು ದಿನ ಆದ ಮೇಲೆ ಬ್ಯಾಂಡೇಜು ತಗೋಬೇಕು!

ನಡುವೆ ಆ 'ಆಫ್' ಯಾಕಿದೆ ಅಂತ ಒಂದು ಕ್ಷಣ ಯೋಚಿಸಿದೆ. ಮುಂದೆಯೇ 'ಆಫ್ಟರ್' ಇತ್ತು. ಡಾಕ್ಟರು ಅವಸರದಲ್ಲಿ 'ಆಫ್ಟರ್' ಬರೆಯೋಕೆ ಹೋಗಿ, ಅರ್ಧಕ್ಕೇ ಬಿಟ್ಟು ಮತ್ತೆ ಬರೆದಿದ್ದಾರೆ ಅಂದುಕೊಂಡೆ. ನಗಬೇಡಿ. ನಿಮ್ಮಲ್ಲಿ ಎಷ್ಟು ಜನ ಹಾಗೆ ಅಂದುಕೊಳ್ಳುತ್ತಿರಲಿಲ್ಲ, ಎದೆ ಮುಟ್ಟಿ ಹೇಳಿ.

ಮೂರನೇ ದಿನ ಮೆಡಿಕಲ್ ಸ್ಟೋರಿಗೆ ಹೋಗಿ ಹೊಸ ಬ್ಯಾಂಡೇಜು ಕೊಂಡು ತಂದು, ಹಳೇದರ ಮೇಲೆಯೇ ಸುತ್ತಿದೆವು. ಎಂಟನೇ ದಿನಕ್ಕೆ ಕಾಲು ವಾಸನೆ ಬರೋಕೆ ಶುರುವಾಯಿತು. ಮತ್ತೆ ಆಸ್ಪತ್ರೆಗೆ ಓಡಿದೆವು. ನರ್ಸಮ್ಮ ಕತ್ತರಿಯಿಂದ ಬಿಚ್ಚುತ್ತಾ, "ಮೂರು ದಿನಕ್ಕೇ ತೆಗೀಬೇಕಿತ್ತಲ್ಲೋ, ಚೀಟೀಲಿ ಬರ್ದಿರ್ಲಿಲ್ವಾ?" ಅಂತ ಬೈದರು. ಬರೆದಿತ್ತು. ಬಾಯಿಮಾತಿನಲ್ಲಿ ಕನ್ನಡದಲ್ಲಿ ಒಂದು ಸಲ ಹೇಳಿದ್ದರೆ ಏನಾಗುತ್ತಿತ್ತು ಅಂತ ನನಗೂ ಕೋಪ ಬಂತು, ಆದರೆ ಅದು ಬೇರೆ ಲೇಖನ. ಓದಿದವನು ನಾನು. ಒಂದು ಸಣ್ಣ ಪದವನ್ನು ಕಸ ಅಂತ ಗುಡಿಸಿ ಹಾಕಿದವನೂ ನಾನೇ.

ಶಾಲೆಗೆ ಬಂದು ಇಂಗ್ಲಿಷ್ ಮೇಷ್ಟ್ರಿಗೆ ಚೀಟಿ ತೋರಿಸಿದೆ. 'ಟೇಕ್' ಬೇರೆ ಕ್ರಿಯಾಪದ, 'ಟೇಕ್ ಆಫ್' ಬೇರೆಯೇ ಕ್ರಿಯಾಪದ ಅಂದರು. ಇಂಥವಕ್ಕೆ ಫ್ರೇಜಲ್ ವರ್ಬ್ ಅನ್ನುತ್ತಾರೆ. ನಾನು ಆ ಸಣ್ಣ ಪದಕ್ಕೆ ಬಾಲ ಅಂತ ಹೆಸರಿಟ್ಟಿದ್ದೇನೆ. ಇದು ನಮ್ಮೊಬ್ಬರ ದಡ್ಡತನ ಅಲ್ಲವಂತೆ. ಇಂಗ್ಲಿಷಿನ ದೊಡ್ಡ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ಅದರ ಮುನ್ನುಡಿಯಲ್ಲಿ, ಹೀಗೆ ಬಾಲ ಸೇರಿಸಿ ಅರ್ಥ ಬದಲಿಸುವುದು ಪರದೇಶದವರಿಗೆ ಬಹಳ ಕಷ್ಟ ಅಂತ ಬರೆದಿದ್ದಾರಂತೆ.

ಆದರೆ ಕನ್ನಡದವರಾದ ನಮಗೆ ಅಷ್ಟು ಕಷ್ಟ ಆಗಬಾರದು ಅಂತ ನನ್ನ ಅಭಿಪ್ರಾಯ. 'ಬ್ಯಾಂಡೇಜು ತೆಗೀಬೇಕು' ಅನ್ನುವುದಕ್ಕೂ 'ಬ್ಯಾಂಡೇಜು ತಗೋಬೇಕು' ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ! 'ತೆಗೆ' ಅನ್ನುವುದಕ್ಕೆ 'ಕೊ' ಅನ್ನೋ ಬಾಲ ಸೇರಿ 'ತೆಗೆದುಕೊ' ಆದ ಕೂಡಲೇ ಅರ್ಥವೇ ತಿರುಗಿಬಿತ್ತು. ಕೆಲವು ಕಡೆ ನಮ್ಮಲ್ಲಿ ಬಾಲದ ಬದಲು ತಲೆ ಇರುತ್ತದೆ. ಬಿಡು, ಕೈಬಿಡು. ಕೊಡು, ಕಿವಿಗೊಡು. 'ಯೋಜನೆಯನ್ನು ಕೈಬಿಡಲಾಯಿತು' ಅಂತ ಪೇಪರಿನಲ್ಲಿ ಬಂದರೆ ಯಾರಾದರೂ 'ಕೈ' ತೆಗೆದು 'ಯೋಜನೆಯನ್ನು ಬಿಡಲಾಯಿತು' ಅಂತ ಓದುತ್ತಾರೆಯೇ? ಇಲ್ಲ. ಇಂಗ್ಲಿಷಿಗೆ ಬಂದಾಗ ಮಾತ್ರ ನಮ್ಮ ಕೈಗೆ ಕುಡುಗೋಲು ಬರುತ್ತದೆ.

ಯಾಕೆ ಹೀಗೆ? ನನಗೆ ತೋಚಿದ ಕಾರಣ ಹೇಳುತ್ತೇನೆ. ನಾವು ಪ್ಯಾಸಿವ್ ವಾಯ್ಸ್ ಕಲಿಯುವುದು 'ರಾಮ ಕಿಲ್ಡ್ ರಾವಣ' ಅನ್ನೋ ವಾಕ್ಯದಿಂದ. ಅದನ್ನು 'ರಾವಣ ವಾಸ್ ಕಿಲ್ಡ್ ಬೈ ರಾಮ' ಅಂತ ತಿರುಗಿಸಿದರೆ ಮುಗಿಯಿತು. ಕನ್ನಡ ಪಿರಿಯಡ್ಡಿನಲ್ಲೂ ಕರ್ಮಣಿ ಪ್ರಯೋಗ ಅಂದರೆ ಅದೇ ರಾವಣ ಕೊಲ್ಲಲ್ಪಡುತ್ತಾನೆ. ಪಾಪ, ಎಷ್ಟು ಸಲ! ಆದರೆ ಊರಿನಲ್ಲಿ, ಪಟ್ಟಣದಲ್ಲಿ ನಮ್ಮ ಕಣ್ಣಿಗೆ ಬೀಳುವ ಪ್ಯಾಸಿವ್ ಹಾಗಿರುವುದಿಲ್ಲ. ಅರ್ಜಿಯ ಮೇಲೆ 'ದ ಫಾರ್ಮ್ ಮಸ್ಟ್ ಬಿ ಫಿಲ್ಡ್ ಇನ್' ಅಂತ ಇರುತ್ತದೆ. ಬ್ಯಾಂಕಿನ ಗೋಡೆ ಮೇಲೆ 'ಮೊಬೈಲ್ ಫೋನ್ಸ್ ಮಸ್ಟ್ ಬಿ ಸ್ವಿಚ್ಡ್ ಆಫ್' ಅಂತ ಇರುತ್ತದೆ. ಮಳೆ ಬಂದರೆ 'ದ ಮ್ಯಾಚ್ ಮೇ ಬಿ ಕಾಲ್ಡ್ ಆಫ್' ಅನ್ನುತ್ತಾರೆ. ಇಲ್ಲೆಲ್ಲ ಮಾಡುವವರು ಯಾರು ಅಂತ ಹೇಳೇ ಇಲ್ಲ, 'ಬೈ' ಇಲ್ಲವೇ ಇಲ್ಲ. ಮುಂದೆ ಬೇಕು, ಬಹುದು, ಬಾರದು ಅನ್ನುವ 'ಮಸ್ಟ್', 'ಮೇ', 'ಮಸ್ಟ್ ನಾಟ್', ನಡುವೆ ಬದಲಾಗದ 'ಬಿ', ಆಮೇಲೆ ಮೂರನೇ ರೂಪ, ಕೊನೆಗೆ ಬಾಲ. ಬೇಕಾದದ್ದು ಈ ವಾಕ್ಯ, ನಾವು ಉರು ಹೊಡೆಯುವುದು ರಾವಣನ ವಾಕ್ಯ.

ಇನ್ನೊಂದು ಸಂಗತಿ ಗಮನಿಸಿದ್ದೇನೆ. ಕಿರುಪರೀಕ್ಷೆಯಲ್ಲಿ 'ದ ಮದರ್ ಶುಡ್ ಲುಕ್ ಆಫ್ಟರ್ ದ ಚೈಲ್ಡ್' ಅನ್ನೋದನ್ನ ತಿರುಗಿಸಲು ಕೊಟ್ಟಿದ್ದರು. ನನ್ನ ಬೆಂಚಿನ ಮೂವರೂ 'ದ ಚೈಲ್ಡ್ ಶುಡ್ ಬಿ ಲುಕ್ಡ್ ಬೈ ದ ಮದರ್' ಅಂತಲೇ ಬರೆದಿದ್ದೆವು. ಸರಿ ಉತ್ತರ 'ಲುಕ್ಡ್ ಆಫ್ಟರ್ ಬೈ'. 'ಆಫ್ಟರ್ ಬೈ' ಅಂತ ಎರಡು ಸಣ್ಣ ಪದ ಒಟ್ಟಿಗೆ ಬಂದರೆ ನಮ್ಮ ಕಿವಿಗೆ ತಪ್ಪು ಅನ್ನಿಸುತ್ತೆ, ಒಂದನ್ನ ಹೊಡೆದು ಹಾಕ್ತೀವಿ. ಚೀಟಿಯ 'ಆಫ್ ಆಫ್ಟರ್' ಕೂಡ ಇದೇ ಕತೆ. 'ಲುಕ್ ಆಫ್ಟರ್ ದ ಚೈಲ್ಡ್' ಅಂದಾಗ ಬಾಲದ ಮುಂದೆ ಮಗು ಇರುತ್ತದೆ. ಪ್ಯಾಸಿವ್ ಮಾಡಿದ ಕೂಡಲೇ ಮಗು ವಾಕ್ಯದ ಮೊದಲಿಗೆ ಓಡಿಹೋಗುತ್ತದೆ, ಬಾಲ ಒಂಟಿಯಾಗಿ ಉಳಿದು ಮುಂದಿನ ಪದಕ್ಕೆ ಡಿಕ್ಕಿ ಹೊಡೆಯುತ್ತದೆ. ನಾವು ಬಾಲ ಕತ್ತರಿಸುವುದು ಅಲ್ಲೇ. ತಾಯಿ ಮಗುವನ್ನು ನೋಡಿಕೊಳ್ಳಬೇಕು ಅಂತಿದ್ದದ್ದು ಬಾಲ ಹೋದರೆ ಬರೀ ನೋಡುವ ಮಾತಾಗುತ್ತದೆ. ಅದೂ ಸರಿಯಾದ ಇಂಗ್ಲಿಷ್ ಅಲ್ಲವಂತೆ, 'ಲುಕ್ಡ್ ಅಟ್' ಅನ್ನಬೇಕಂತೆ. ಅಲ್ಲೂ ಬಾಲ! (ನೋಡು, ನೋಡಿಕೊ. ಮತ್ತೆ ನಮ್ಮ 'ಕೊ' ಬಂತು.)

ಹಾಗಂತ ಪ್ಯಾಸಿವ್ ಬರೀ ಕಷ್ಟವಲ್ಲ, ಒಂದು ಸುಖವೂ ಇದೆ. ಆಕ್ಟಿವ್‌ನಲ್ಲಿ 'ಟೇಕ್ ಆಫ್ ದ ಬ್ಯಾಂಡೇಜ್' ಅನ್ನಬಹುದು, 'ಟೇಕ್ ದ ಬ್ಯಾಂಡೇಜ್ ಆಫ್' ಅಂತಲೂ ಅನ್ನಬಹುದು; 'ಟೇಕ್ ಇಟ್ ಆಫ್' ಸರಿ, 'ಟೇಕ್ ಆಫ್ ಇಟ್' ತಪ್ಪು. ತಲೆ ಕೆಡುತ್ತೆ. ಪ್ಯಾಸಿವ್‌ನಲ್ಲಿ ಈ ರಗಳೆಯೇ ಇಲ್ಲ. 'ಟೇಕನ್ ಆಫ್', 'ಪುಟ್ ಔಟ್', 'ಫಿಲ್ಡ್ ಇನ್' ಗಂಡ ಹೆಂಡತಿ ಹಾಗೆ ಪಕ್ಕಪಕ್ಕದಲ್ಲೇ ಇರುತ್ತವೆ. 'ನೋಬಡಿ ಶುಡ್ ಬಿ ಲುಕ್ಡ್ ಡೌನ್ ಅಪಾನ್' ಅಂದರೆ ಯಾರನ್ನೂ ಕೀಳಾಗಿ ಕಾಣಬಾರದು. ಇಲ್ಲಿ ಎರಡು ಬಾಲ, ಎರಡೂ ಬೇಕು. ಒಂದೇ ಎಚ್ಚರಿಕೆ: ಎಲ್ಲವನ್ನೂ ಹೀಗೆ ತಿರುಗಿಸಲಾಗದು. ಬಸ್ಸು ಕೆಟ್ಟು ನಿಂತರೆ 'ದ ಬಸ್ ಬ್ರೋಕ್ ಡೌನ್' ಅಷ್ಟೇ, 'ವಾಸ್ ಬ್ರೋಕನ್ ಡೌನ್' ಅಂತ ಬರೆದವರಲ್ಲಿ ನಾನೂ ಒಬ್ಬ. ಬಸ್ಸನ್ನು ಯಾರೂ ಕೆಡಿಸಿಲ್ಲ, ತಾನೇ ಕೆಟ್ಟಿದೆ.

ಆದ್ದರಿಂದ ಗುರುಗಳಲ್ಲಿ ನನ್ನದೊಂದು ವಿನಂತಿ. ವಾಯ್ಸ್ ಪಾಠವನ್ನು ರಾಮ ರಾವಣರಿಂದ ಶುರು ಮಾಡದೆ, ನಮ್ಮ ಮನೆಗೆ ಬರುವ ಚೀಟಿ, ಅರ್ಜಿ, ಔಷಧಿ ಡಬ್ಬಿಯ ಕಾಗದಗಳಿಂದ ಶುರು ಮಾಡಬಾರದೇ? ವಾರಕ್ಕೆ ಒಬ್ಬರಂತೆ ನಾವೇ ತರುತ್ತೇವೆ. ತಿರುಗಿಸುವುದನ್ನು ಆಮೇಲೆ ಕಲಿಸಿ. ಇದನ್ನು ಹೇಳಿದಾಗ ಮೇಷ್ಟ್ರು, "ಮೊದಲು ಸೂತ್ರ ಗಟ್ಟಿಯಾಗಲಿ ಕಣಯ್ಯಾ, ಪರೀಕ್ಷೆಯಲ್ಲಿ ಕೇಳೋದು ಅದನ್ನೇ" ಅಂದರು. ಅವರ ಮಾತಿನಲ್ಲೂ ಸತ್ಯವಿದೆ. ಇಂಗ್ಲಿಷಿನಲ್ಲಿ ಫೇಲಾಗಿ ಶಾಲೆ ಬಿಟ್ಟ ಅಕ್ಕಂದಿರು ನಮ್ಮ ಬೀದಿಯಲ್ಲೇ ಇದ್ದಾರೆ, ಒಂದು ಅಂಕವೂ ಅವರಿಗೆ ಸಣ್ಣದಾಗಿರಲಿಲ್ಲ. ಆದರೂ ನನಗೆ ಸಮಾಧಾನ ಆಗಲಿಲ್ಲ. ಸೂತ್ರ ನನಗೆ ಗಟ್ಟಿಯಾಗಿಯೇ ಇತ್ತು. ಆ ಕಿರುಪರೀಕ್ಷೆಯಲ್ಲಿ ರಾವಣನಿಗೆ ಪೂರ್ತಿ ಅಂಕ ಸಿಕ್ಕಿತ್ತು.

ಗೆಳೆಯರಿಗೂ ಒಂದು ಮಾತು. ನೋಟ್ ಪುಸ್ತಕದಲ್ಲಿ 'ಪುಟ್: ಇಡು' ಅಂತ ಬರೆದು ಸುಮ್ಮನಾಗಬೇಡಿ. ಪುಟ್ ಆಫ್ ಮುಂದೂಡು, ಪುಟ್ ಔಟ್ ಆರಿಸು, ಪುಟ್ ಅಪ್ ವಿತ್ ಸಹಿಸಿಕೊ, ಹೀಗೆ ಬಾಲದ ಸಮೇತ ಒಂದೇ ಪದ ಅಂತ ಬರೆದುಕೊಳ್ಳಿ. ಅದರ ಪಕ್ಕದಲ್ಲೇ 'ಮಸ್ಟ್ ಬಿ' ಸೇರಿಸಿ ಜೋರಾಗಿ ಒಂದು ಸಲ ಓದಿ. ನಾನು ಹೀಗೆ ಮೂವತ್ತೆರಡು ಬರೆದಿದ್ದೇನೆ. ಬೇಕಾದವರು ನನ್ನ ನೋಟ್ಸ್ ತಗೋಬಹುದು, ಆದರೆ ವಾಪಸ್ ಕೊಡಬೇಕು.

ಅಜ್ಜಿಯ ಕಾಲು ವಾಸಿಯಾಗಿದೆ, ಗುರುತು ಮಾತ್ರ ಉಳಿದಿದೆ. ಈಗ ಮನೆಗೆ ಯಾವ ಕಾಗದ ಬಂದರೂ, ಅದು ಕರೆಂಟ್ ಬಿಲ್ಲೇ ಆಗಿರಲಿ, ನನ್ನ ಕೈಗೆ ಕೊಟ್ಟು, "ಬಾಲ ಐತೇನೋ ಸರಿಯಾಗಿ ನೋಡ್ಲಾ" ಅಂತಾಳೆ.

— 10ನೇ ತರಗತಿ, 'ಬಿ' ವಿಭಾಗದ ಒಬ್ಬ ವಿದ್ಯಾರ್ಥಿ