ನೀರಿಲ್ಲದ ನಾಡಿನಲ್ಲಿ ರಜೆಯ ಪಯಣ

ಮರುಭೂಮಿ ಎಂದೊಡನೆ ಕಣ್ಣ ಮುಂದೆ ಬರುವುದು ಮರಳಿನ ದಿಬ್ಬ, ಒಂಟೆಗಳ ಸಾಲು. ಮಕ್ಕಳುಮರಿಗಳನ್ನು ಕಟ್ಟಿಕೊಂಡು ಅಲ್ಲಿ ರಜೆ ಕಳೆಯುವವರೂ ಇದ್ದಾರೆಯೇ ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ. ಆಸ್ಟ್ರೇಲಿಯದಲ್ಲಿ ಇದ್ದಾರೆ. ಆ ಖಂಡದ ಜನರಲ್ಲಿ ಬಹುಪಾಲು ಮಂದಿ ಕರಾವಳಿಯ ನಗರಗಳಲ್ಲೇ ನೆಲೆಸಿದ್ದಾರೆ. ಒಳನಾಡಿನ ವಿಶಾಲ ಬಟಾಬಯಲಿಗೆ ಅವರಿಟ್ಟ ಹೆಸರು ‘ಔಟ್‌ಬ್ಯಾಕ್’. ಜೀವಮಾನದಲ್ಲಿ ಒಮ್ಮೆಯಾದರೂ ಮಕ್ಕಳಿಗೆ ಅದನ್ನು ತೋರಿಸಬೇಕೆಂಬುದು ಅಲ್ಲಿನ ಅನೇಕ ತಂದೆ ತಾಯಂದಿರ ಹಂಬಲ.

ಜುಲೈ ತಿಂಗಳು ಅದಕ್ಕೆ ತಕ್ಕ ಕಾಲ. ಆಗ ಶಾಲೆಗಳಿಗೆ ರಜೆ. ದಕ್ಷಿಣಾರ್ಧಗೋಳದಲ್ಲಿ ಅದು ಚಳಿಗಾಲವಾದ್ದರಿಂದ ಹಗಲಿನ ಬಿಸಿಲು ಹಿತವಾಗಿರುತ್ತದೆ; ರಾತ್ರಿ ಮಾತ್ರ ಕೆಲವೊಮ್ಮೆ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅಡಿಲೇಡ್ ನಗರದಿಂದ ಹೊರಟ ಸಂಸಾರವೊಂದು ಸ್ಟುವರ್ಟ್ ಹೆದ್ದಾರಿ ಹಿಡಿದು ಉತ್ತರಕ್ಕೆ ಸಾಗಿ, ಬಳಿಕ ಪಶ್ಚಿಮಕ್ಕೆ ತಿರುಗಿ ಉಲುರು ಬಂಡೆಯನ್ನು ತಲುಪಲು ಸುಮಾರು 1600 ಕಿ.ಮೀ. ಪಯಣಿಸಬೇಕು. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳು ಭೂಪಟ ಬಿಡಿಸಿದರೆ ದಾರಿಯ ಆಚೀಚೆ ದೊಡ್ಡ ದೊಡ್ಡ ಸರೋವರಗಳು ಕಾಣುತ್ತವೆ: ಟಾರೆನ್ಸ್, ಗೇರ್ಡ್ನರ್, ಐರ್. ಆದರೆ ಹೆಚ್ಚಿನ ವರ್ಷಗಳಲ್ಲಿ ಅವುಗಳಲ್ಲಿ ಕಾಣಸಿಗುವುದು ನೀರಲ್ಲ, ಬಿಳಿಯ ಉಪ್ಪಿನ ಹಾಸು. ಐರ್ ಸರೋವರದ ತಳ ಸಮುದ್ರ ಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ. ದೂರದಲ್ಲಿ ಸುರಿದ ಭಾರಿ ಮಳೆಯ ನೀರು ಹರಿದು ಬಂದಾಗ ಮಾತ್ರ ಅದು ತುಂಬುತ್ತದೆ. 1974ರಲ್ಲಿ ತುಂಬಿದ್ದು ಹೀಗೆಯೇ.

ಈ ದಾರಿಯಲ್ಲಿ ಗ್ಲೆಂಡಾಂಬೊ ಎಂಬ ಪುಟ್ಟ ನಿಲುಗಡೆಯಿಂದ ಕೂಬರ್ ಪೀಡಿಯವರೆಗೆ ಸುಮಾರು 250 ಕಿ.ಮೀ. ಉದ್ದಕ್ಕೂ ಒಂದು ಪೆಟ್ರೋಲ್ ಬಂಕ್ ಕೂಡ ಇಲ್ಲ. ಮೊಬೈಲ್ ಫೋನು ಎಷ್ಟೋ ಕಡೆ ಸದ್ದು ಮಾಡುವುದಿಲ್ಲ. ಹೀಗಾಗಿ ಹೊರಡುವ ಮುನ್ನವೇ ಕಲಿತಿರಬೇಕಾದ ಪಾಠಗಳು ಕೆಲವುಂಟು. ಯಾವ ದಾರಿ, ಎಂದು ತಲುಪುವುದು ಎಂಬುದನ್ನು ಯಾರಿಗಾದರೂ ಹೇಳಿ ಹೊರಡಬೇಕು. ದಿನದ ಅಗತ್ಯಕ್ಕಿಂತ ಬಹಳ ಹೆಚ್ಚು ನೀರು ಗಾಡಿಯಲ್ಲಿರಬೇಕು. ಕಾಂಗರೂಗಳು ರಸ್ತೆಗೆ ಇಳಿಯುವ ಮುಸ್ಸಂಜೆಯ ಹೊತ್ತಿನಲ್ಲಿ ಕಾರು ಓಡಿಸಬಾರದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಗಾಡಿ ಕೆಟ್ಟು ನಿಂತರೆ ಅದನ್ನು ಬಿಟ್ಟು ನಡೆಯಬಾರದು.

ಕೊನೆಯ ಮಾತು ಮೊದಲ ಬಾರಿ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಸುಮ್ಮನೆ ಕೂರುವ ಬದಲು ಸಹಾಯ ಹುಡುಕಿಕೊಂಡು ಹೋಗುವುದಲ್ಲವೇ ಜಾಣತನ? ಮರುಭೂಮಿಯ ಲೆಕ್ಕ ಬೇರೆ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ನಡೆಯುವ ಮನುಷ್ಯನ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ನೀರು ಬೆವರಾಗಿ ಹೋಗಬಲ್ಲದು. ಒಣ ಗಾಳಿಯಲ್ಲಿ ಬೆವರು ಮೂಡಿದೊಡನೆ ಆರಿಹೋಗುವುದರಿಂದ ಎಷ್ಟು ನೀರು ಹೋಯಿತೆಂಬುದೇ ಅವನಿಗೆ ತಿಳಿಯುವುದಿಲ್ಲ. ಹೊತ್ತುಕೊಂಡು ಹೋದ ನೀರು ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಗಾಡಿಯ ನೆರಳಿನಲ್ಲಿ ಕುಳಿತವನಿಗೆ ಅಷ್ಟೇ ನೀರು ಎಷ್ಟೋ ಹೆಚ್ಚು ಹೊತ್ತು ಸಾಕಾಗುತ್ತದೆ. ಮೇಲಾಗಿ, ಹುಡುಕಲು ಬಂದ ವಿಮಾನದ ಕಣ್ಣಿಗೆ ಕಾರು ಬಿದ್ದೀತೇ ಹೊರತು ಒಂಟಿ ಮನುಷ್ಯ ಬೀಳುವುದು ಕಷ್ಟ. ಗಾಡಿಯನ್ನು ಬಿಟ್ಟು ಹೋಗಿ ಪ್ರಾಣ ಕಳೆದುಕೊಂಡವರು ಅಲ್ಲಿ ಒಬ್ಬಿಬ್ಬರಲ್ಲ.

ಬಿಸಿಲಿನಿಂದ ಪಾರಾಗುವ ಇನ್ನೊಂದು ಉಪಾಯವನ್ನು ಕೂಬರ್ ಪೀಡಿಯಲ್ಲಿ ನೋಡಬಹುದು. 1915ರಲ್ಲಿ ಚಿನ್ನ ಹುಡುಕಲು ಬಂದ ತಂಡದಲ್ಲಿದ್ದ ಹದಿನಾಲ್ಕರ ಹುಡುಗನೊಬ್ಬನಿಗೆ ಇಲ್ಲಿ ಕ್ಷೀರಸ್ಫಟಿಕ, ಅಂದರೆ ಓಪಲ್ ರತ್ನ ದೊರಕಿತು. ಆಮೇಲೆ ಬಂದ ಗಣಿಗಾರರು ನೆಲದಡಿಯಲ್ಲೇ ಮನೆ ಕೊರೆದುಕೊಂಡರು. ಹೊರಗೆ ಬೇಸಿಗೆಯ ಬಿಸಿಲು 45 ಡಿಗ್ರಿ ಮುಟ್ಟಿದಾಗಲೂ ಈ ಮನೆಗಳ ಒಳಗೆ 25 ಡಿಗ್ರಿಯ ಆಸುಪಾಸು. ಕಲ್ಲು ಮಣ್ಣಿನಲ್ಲಿ ಶಾಖ ಬಹಳ ನಿಧಾನವಾಗಿ ಇಳಿಯುತ್ತದೆ. ಕೆಲವು ಮೀಟರ್ ಆಳಕ್ಕೆ ಹೋದರೆ ಹಗಲು ರಾತ್ರಿಯ ಏರುಪೇರು ತಟ್ಟುವುದಿಲ್ಲ. ಬೇಸಿಗೆ ಚಳಿಗಾಲಗಳ ವ್ಯತ್ಯಾಸವೂ ತೀರ ಕಡಿಮೆಯಾಗುತ್ತದೆ. ವಿದ್ಯುತ್ತಿಲ್ಲದ ಹವಾನಿಯಂತ್ರಣವೆಂದರೆ ಇದೇ.

ನೆಲವನ್ನು ಬಲ್ಲವರ ಮಾತು ಕೇಳದವರ ಗತಿ ಏನಾಯಿತೆಂಬುದನ್ನು ತಿಳಿಯಲು ಈ ಹೆದ್ದಾರಿಯಿಂದ ಬಹುದೂರ ಪೂರ್ವಕ್ಕಿರುವ ಕೂಪರ್ ಕ್ರೀಕ್‌ನ ಕಥೆ ನೆನೆಯಬೇಕು. 1860ರ ಆಗಸ್ಟಿನಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರ ದೊಡ್ಡ ತಂಡ ಖಂಡವನ್ನು ದಾಟಲು ಮೆಲ್ಬರ್ನ್‌ನಿಂದ ಹೊರಟಿತು. ಅವರ ಒಂಟೆಗಳಲ್ಲಿ ಹೆಚ್ಚಿನವು ನಮ್ಮ ಉಪಖಂಡದಿಂದ ಹಡಗು ಹತ್ತಿ ಹೋದವು. ಉತ್ತರದ ಕಡಲ ಅಂಚಿನವರೆಗೂ ಹೋಗಿ, 1861ರ ಏಪ್ರಿಲ್ 21ರಂದು ಇಬ್ಬರೂ ಸಂಗಡಿಗ ಕಿಂಗ್‌ನೊಡನೆ ಕೂಪರ್ ಕ್ರೀಕ್‌ಗೆ ಹಿಂತಿರುಗಿದಾಗ, ಅವರಿಗಾಗಿ ಕಾದಿದ್ದವರು ಅದೇ ದಿನ ಬೆಳಿಗ್ಗೆ ಬಿಡಾರ ಕಿತ್ತು ಹೋಗಿದ್ದರು. ಅಲ್ಲಿನ ಯಾಂಡ್ರುವಾಂಡ ಮೂಲನಿವಾಸಿಗಳು ಅವರಿಗೆ ಮೀನನ್ನೂ ನಾರ್ಡೂ ಹಿಟ್ಟಿನ ರೊಟ್ಟಿಯನ್ನೂ ಕೊಟ್ಟರು. ಆದರೆ ಬರ್ಕ್ ಬಂದೂಕು ಹಾರಿಸಿ ಅವರನ್ನು ದೂರ ಮಾಡಿಕೊಂಡ.

ನಾರ್ಡೂ ಎಂಬುದು ಒಂದು ಜರೀಗಿಡ. ನಮ್ಮ ಗದ್ದೆಯ ನೀರಿನಲ್ಲಿ ನಾಲ್ಕೆಲೆ ಬಿಟ್ಟು ನಿಲ್ಲುವ ಮಾರ್ಸೀಲಿಯದ ಬಳಗಕ್ಕೇ ಸೇರಿದ್ದು. ಅದರಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಮೂಲನಿವಾಸಿಗಳು ಅದನ್ನು ಹದಗೊಳಿಸುವ ಕ್ರಮದಲ್ಲಿ ಆ ದೋಷ ನೀಗುತ್ತಿತ್ತು. ಆ ಕ್ರಮವನ್ನು ಪೂರ್ತಿ ಕಲಿಯದ ಅನ್ವೇಷಕರು ಹೊಟ್ಟೆ ತುಂಬ ತಿಂದೂ ಸೊರಗಿದ್ದಕ್ಕೆ ಬೆರಿಬೆರಿ ರೋಗವೇ ಕಾರಣವಿರಬೇಕೆಂದು ಮುಂದೆ ವಿಜ್ಞಾನಿಗಳು ವಿವರಿಸಿದ್ದಾರೆ. ಬರ್ಕ್, ವಿಲ್ಸ್ ಇಬ್ಬರೂ ಮಡಿದರು. ಕಿಂಗ್ ಮೂಲನಿವಾಸಿಗಳ ನಡುವೆ ಬಾಳಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೀವಸಹಿತ ಪತ್ತೆಯಾದ.

ಪಯಣದ ಕೊನೆಯ ತಾಣ ಉಲುರು. ಸಮತಟ್ಟು ನೆಲದಿಂದ 348 ಮೀಟರ್ ಎತ್ತರಕ್ಕೆ ಎದ್ದು ನಿಂತ ಮರಳುಗಲ್ಲಿನ ಬೃಹತ್ ಬಂಡೆ, ಸುತ್ತಳತೆ 9.4 ಕಿ.ಮೀ. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಗಾಳಿ ನೀರಿಗೆ ತುಕ್ಕು ಹಿಡಿದು ಮೈಯೆಲ್ಲ ಕೆಂಪಾಗಿದೆ. ಒಳಗಿನ ಕಲ್ಲು ಬೂದುಬಣ್ಣದ್ದು. 1985ರಲ್ಲಿ ಈ ನೆಲವನ್ನು ಅದರ ಮೂಲ ಒಡೆಯರಾದ ಅನಾಂಗು ಜನರಿಗೆ ಮರಳಿಸಲಾಯಿತು. ಬಂಡೆ ತಮಗೆ ಪವಿತ್ರವಾದುದು, ದಯವಿಟ್ಟು ಹತ್ತಬೇಡಿ ಎಂದು ಅವರು ಪ್ರವಾಸಿಗರನ್ನು ಬಹುಕಾಲ ಕೇಳಿಕೊಂಡರು. ಆದರೂ ಜನ ಹತ್ತುತ್ತಲೇ ಇದ್ದರು; ಹತ್ತುವಾಗ 30ಕ್ಕೂ ಹೆಚ್ಚು ಮಂದಿ ಸತ್ತರು. 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ನಿಷೇಧಿಸಲಾಗಿದೆ.

ಈಗ ಅಲ್ಲಿಗೆ ಹೋದ ಸಂಸಾರ ಬಂಡೆಯನ್ನು ಹತ್ತುವುದಿಲ್ಲ, ಪ್ರದಕ್ಷಿಣೆ ಬರುತ್ತದೆ. ಬುಡದ ಸುತ್ತ ಹತ್ತು ಕಿ.ಮೀ. ಕಾಲುದಾರಿಯುಂಟು. ನಡುವೆ ಒಂದೆಡೆ, ಬಂಡೆಯ ಮಡಿಲಿನಲ್ಲಿ, ಮರಗಳ ನೆರಳಿನ ಮುಟಿಟ್‌ಜುಲು ಎಂಬ ಹೊಂಡವಿದೆ. ನೂರಾರು ಮೈಲಿ ಒಣ ನೆಲವನ್ನೇ ನೋಡುತ್ತ ಬಂದ ಮಕ್ಕಳು ಆ ನೀರಿನೆದುರು ತಾವಾಗಿಯೇ ಸದ್ದಡಗಿಸಿ ನಿಲ್ಲುತ್ತಾರೆ. ಅದರ ಬೆಲೆಯನ್ನು ಅವರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.