ಪ್ರವೇಶ ಪರೀಕ್ಷೆಯೂ ಕನ್ನಡ ಪದವೀಧರರೂ

ವ್ಯವಹಾರಾಡಳಿತದ ಉಚ್ಚ ವಿದ್ಯಾಲಯಗಳನ್ನು ಸೇರಬಯಸುವವರಿಗಾಗಿ ಪ್ರತಿವರ್ಷ ನವೆಂಬರ ತಿಂಗಳಲ್ಲಿ ಜರುಗುವ 'ಕ್ಯಾಟ್' ಪರೀಕ್ಷೆಯ ಕಡೆಗೆ ನಮ್ಮ ಭಾಗದ ಮಹಾಜನರು ಸಾಕಷ್ಟು ಲಕ್ಷ್ಯವಿತ್ತಿಲ್ಲ. ಅದು ಮಹಾನಗರಗಳ ಸಿರಿವಂತರ ಮಕ್ಕಳ ಸಂಗತಿಯೆಂದೇ ಅನೇಕರ ಭಾವನೆ. ಆದರೆ ಬೈಲಹೊಂಗಲ ತಾಲೂಕಿನ ದೊಡವಾಡದಂಥ ಊರುಗಳಿಂದ ಬಸ್ಸು ಹಿಡಿದು ಹೋಗಿ ಪದವಿ ಪಡೆದು ಬರುತ್ತಿರುವ ಒಕ್ಕಲಿಗರ ಮಕ್ಕಳಿಗೂ ಆ ಬಾಗಿಲು ತೆರೆದಿರಬೇಕಾದುದು ನ್ಯಾಯ. ಅದು ತೆರೆದಿದೆಯೇ ಎಂಬುದೇ ಇಂದಿನ ಪ್ರಶ್ನೆ.

ಪರೀಕ್ಷೆಯ ಸ್ವರೂಪವನ್ನು ಮೊದಲು ಅರಿಯೋಣ. 2024ರಲ್ಲಿ ಸುಮಾರು 2 ಲಕ್ಷ 93 ಸಾವಿರ ಮಂದಿ ಇದಕ್ಕೆ ಕುಳಿತರು. ಪ್ರಶ್ನೆಗಳು 68, ಭಾಗಗಳು ಮೂರು: ಆಂಗ್ಲಭಾಷೆಯ ವಾಚನ, ಅಂಕಿಸಂಖ್ಯೆಗಳೊಡನೆ ತರ್ಕ, ಹಾಗೂ ಗಣಿತ. ಪ್ರತಿಯೊಂದಕ್ಕೂ 40 ನಿಮಿಷ; ಅವಧಿ ತೀರಿದ ಮೇಲೆ ಹಿಂದಿನ ಭಾಗಕ್ಕೆ ಮರಳುವಂತಿಲ್ಲ. ಸರಿಯುತ್ತರಕ್ಕೆ ಮೂರು ಅಂಕ. ಆಯ್ಕೆಯ ಪ್ರಶ್ನೆಗೆ ತಪ್ಪುತ್ತರವಿತ್ತರೆ ಒಂದು ಅಂಕ ಕಳೆಯುತ್ತದೆ. ಆದುದರಿಂದ ಬಲ್ಲುದನ್ನು ಬರೆಯುವುದು ಎಷ್ಟು ಮುಖ್ಯವೋ, ಅರಿಯದುದನ್ನು ಬಿಡುವ ಸಂಯಮವೂ ಅಷ್ಟೇ ಮುಖ್ಯ. ಫಲಿತಾಂಶವೂ ಕೇವಲ ಗಳಿಸಿದ ಅಂಕಗಳ ಮೇಲೆ ನಿಲ್ಲುವುದಿಲ್ಲ; ಉಳಿದವರಲ್ಲಿ ನೂರಕ್ಕೆ ಎಷ್ಟು ಮಂದಿಯನ್ನು ಹಿಂದಿಕ್ಕಿದಿರಿ ಎಂಬುದೇ ಅಲ್ಲಿಯ ಅಳತೆ.

ಇದರ ಗಣಿತವು ನಮ್ಮ ಹುಡುಗರಿಗೆ ಅಪರಿಚಿತವಾದುದಲ್ಲ. ಲಾಭನಷ್ಟ, ಬಡ್ಡಿ, ಪ್ರಮಾಣ, ಕಾಲವೇಗಗಳ ಲೆಕ್ಕಗಳನ್ನು ಅವರು ಕನ್ನಡ ಶಾಲೆಯಲ್ಲಿಯೇ ಕಲಿತಿರುತ್ತಾರೆ. ಹತ್ತಿಯ ಧಾರಣೆ ಏರಿಳಿದಾಗ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಮನೆಯ ಕಟ್ಟೆಯ ಮೇಲೆ ನಡೆಯುವ ವಿಚಾರವೂ ತರ್ಕವೇ ಸರಿ. ಆದರೆ ಪರೀಕ್ಷೆಯ ಮೂರು ಭಾಗಗಳೂ ಆಂಗ್ಲದಲ್ಲಿಯೇ ಇವೆ. ಮೊದಲಿನ ಭಾಗದಲ್ಲಿ ಆಂಗ್ಲಭಾಷೆಯನ್ನು ಪರೀಕ್ಷಿಸುವುದು ಯುಕ್ತ. ಲೆಕ್ಕವನ್ನೂ ತರ್ಕವನ್ನೂ ಬಲ್ಲ ತರುಣನು ಪ್ರಶ್ನೆಯ ಭಾಷೆಯನ್ನು ಬಿಡಿಸಿಕೊಳ್ಳುವುದರಲ್ಲಿಯೇ ನಿಮಿಷಗಳನ್ನು ಕಳೆದು ಸೋಲುವುದಾದರೆ, ಅಲ್ಲಿ ಅಳೆಯಲ್ಪಟ್ಟುದು ಏನು? ಒಂದೇ ಸರಕಿಗೆ ಮೂರು ಕಟ್ಟೆಗಳಲ್ಲಿ ಸುಂಕ ತೆಗೆದುಕೊಂಡಂತೆ ಇದು!

ವ್ಯವಹಾರಶಾಸ್ತ್ರದ ಬೋಧನೆ ಆಂಗ್ಲದಲ್ಲಿ ನಡೆಯುತ್ತದೆ, ಆದುದರಿಂದ ಪರೀಕ್ಷೆಯೂ ಹಾಗೆಯೇ ಇರಬೇಕು ಎಂದು ಆಕ್ಷೇಪಿಸುವವರುಂಟು. ವೈದ್ಯಕೀಯ ಬೋಧನೆಯೂ ಆಂಗ್ಲದಲ್ಲಿಯೇ ನಡೆಯುತ್ತಿದ್ದರೂ ಅದರ ಪ್ರವೇಶ ಪರೀಕ್ಷೆ 'ನೀಟ್' 2017ರಿಂದ ಕನ್ನಡದಲ್ಲಿಯೂ ದೊರೆಯುತ್ತಿದೆ. ಇಂಜಿನಿಯರಿಂಗಿನ 'ಜೆಇಇ ಮೇನ್' 2021ರಿಂದ ಕನ್ನಡದಲ್ಲಿ ಇದೆ. ಕೇಂದ್ರ ಲೋಕಸೇವಾ ಆಯೋಗವು ಮುಖ್ಯ ಪರೀಕ್ಷೆಯ ಉತ್ತರಗಳನ್ನು ದೇಶಭಾಷೆಗಳಲ್ಲಿ ಬರೆಯಲು 1979ರಲ್ಲಿಯೇ ಅವಕಾಶವಿತ್ತಿತು. ವೈದ್ಯನಿಗೂ ಇಂಜಿನಿಯರನಿಗೂ ಸಲ್ಲುವ ನ್ಯಾಯವು ವ್ಯಾಪಾರಸ್ಥನಿಗೆ ಏಕೆ ಸಲ್ಲಬಾರದು? 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವ್ಯವಹಾರಾಡಳಿತ ಸಂಸ್ಥೆಗೆ ಕರ್ನಾಟಕ ಸರಕಾರವೇ ಭೂಮಿಯನ್ನು ನೀಡಿತು. ಈ ಮಾತನ್ನು ಎತ್ತುವ ಹಕ್ಕು ನಮಗಿದೆ.

ಆದರೆ ಪರರನ್ನು ಕೇಳುವ ಮುನ್ನ ಮನೆಯನ್ನು ನೋಡಿಕೊಳ್ಳಬೇಕು. ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಎಂ.ಬಿ.ಎ. ಪ್ರವೇಶಕ್ಕಾಗಿ ನಡೆಸುವ 'ಪಿಜಿಸಿಇಟಿ' ಪ್ರಶ್ನಪತ್ರಿಕೆಯೂ ಆಂಗ್ಲದಲ್ಲಿಯೇ ಇರುತ್ತದೆ. ಅದರಲ್ಲಿಯೂ ಆಂಗ್ಲಭಾಷಾ ಜ್ಞಾನಕ್ಕೆ ಬೇರೆ ಭಾಗವೇ ಇರುವಾಗ, ಉಳಿದ ಭಾಗಗಳನ್ನು ಕನ್ನಡದಲ್ಲಿಯೂ ಮುದ್ರಿಸಲು ಅಡ್ಡಿಯೇನು? ಮರಾಠಿಯೇ ಮೆರೆಯುತ್ತಿದ್ದ ಧಾರವಾಡ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಮುಂಬಯಿ ಇಲಾಖೆಯ ಆಳಿಕೆಯಲ್ಲಿಯೂ ಕನ್ನಡ ಮುಲ್ಕಿ ಪರೀಕ್ಷೆಯನ್ನು ತೇರ್ಗಡೆಯಾದ ಹಳ್ಳಿಯ ಹುಡುಗರು ಮಾಸ್ತರರಾದರು. ಪರಕೀಯರ ಆಳಿಕೆಯಲ್ಲಿ ಸಾಧ್ಯವಾದುದು ಏಕೀಕೃತ ಕರ್ನಾಟಕದಲ್ಲಿ ಅಸಾಧ್ಯವೆನ್ನುವುದು ನಾಚಿಕೆಯ ಮಾತು.

ಹಾಗೆಂದು ನ್ಯಾಯ ಬರುವವರೆಗೆ ಕೈಕಟ್ಟಿ ಕುಳಿತಿರೆಂದು ನಾವು ತರುಣರಿಗೆ ಹೇಳಲಾರೆವು. ಪದವಿಯ ಎರಡನೆಯ ವರ್ಷದಿಂದಲೇ ಸಿದ್ಧತೆ ಪ್ರಾರಂಭವಾಗಲಿ. ದಿನಕ್ಕೆ ಒಂದು ತಾಸು ಆಂಗ್ಲ ಲೇಖನಗಳನ್ನು ಓದಿ, ಓದಿದುದರ ಸಾರವನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆಯುವ ಅಭ್ಯಾಸವಾಗಲಿ. ಅರ್ಥ ಹಿಡಿಯಿತೋ ಇಲ್ಲವೋ ಎಂಬುದು ಅದರಿಂದ ಕೂಡಲೇ ತಿಳಿಯುತ್ತದೆ. ಹಳೆಯ ಪ್ರಶ್ನೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು ಬಿಡಿಸಲಿ. ತಪ್ಪಿದವುಗಳನ್ನು ಬೇರೆ ವಹಿಯಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ನೋಡಲಿ. ಪರೀಕ್ಷೆಯ ಮುನ್ನ ಸಂಸ್ಥೆಗಳೇ ಅಂತರ್ಜಾಲದಲ್ಲಿ ಪ್ರಕಟಿಸುವ ಮಾದರಿ ಪರೀಕ್ಷೆಗೆ ಶುಲ್ಕವಿಲ್ಲ. ದೊಡ್ಡ ಹಣ ತೆತ್ತು ದೂರದ ತರಬೇತಿ ಶಾಲೆಗಳಿಗೆ ಹೋಗಲಾರದವರು ಇಷ್ಟನ್ನು ಊರಿನಲ್ಲಿಯೇ ಸಾಧಿಸಬಹುದು.

ಇದಕ್ಕೆ ಊರವರ ನೆರವು ಬೇಕು. ಪಂಚಾಯತಿಗಳ ಅರಿವು ಕೇಂದ್ರಗಳಲ್ಲಿ ಒಂದು ಗಣಕಯಂತ್ರವೂ ಒಂದು ಆಂಗ್ಲ ಪತ್ರಿಕೆಯೂ ಸಂಜೆಯ ಹೊತ್ತು ಈ ಹುಡುಗರಿಗೆ ದೊರೆಯಲಿ. ನಿವೃತ್ತರಾದ ಬ್ಯಾಂಕಿನ ಅಧಿಕಾರಿಗಳೂ ಶಿಕ್ಷಕರೂ ವಾರಕ್ಕೆರಡು ತಾಸು ಮೀಸಲಿಡಲಿ. 2024ರಲ್ಲಿ ಸಾಮಾನ್ಯ ವರ್ಗದವರಿಗೆ ಪರೀಕ್ಷಾಶುಲ್ಕವೇ 2500 ರೂಪಾಯಿ ಇದ್ದಿತು. ಜಾತ್ರೆ ಉತ್ಸವಗಳಿಗೆ ಉದಾರವಾಗಿ ಕೊಡುವ ನಮ್ಮ ವರ್ತಕರಿಗೆ ಒಬ್ಬ ಬಡ ವಿದ್ಯಾರ್ಥಿಯ ಶುಲ್ಕ ಭಾರವಾಗಲಾರದು.

ಕನ್ನಡ ನಾಡಿನ ಉದ್ದಿಮೆಗಳನ್ನು ನಾಳೆ ನಡೆಸುವವರು ಯಾರು ಎಂಬುದು ಈ ಪರೀಕ್ಷೆಗಳ ಕೋಣೆಗಳಲ್ಲಿ ಬಹುಮಟ್ಟಿಗೆ ನಿರ್ಧಾರವಾಗುತ್ತಿದೆ. ಅಲ್ಲಿ ದೊಡವಾಡದ ಹುಡುಗನೂ ಹುಡುಗಿಯೂ ಕುಳಿತಿರಬೇಕು. ತಮ್ಮ ಬುದ್ಧಿಯ ಬಲದಿಂದಲೇ ಗೆಲ್ಲುವ ಅಥವಾ ಸೋಲುವ ಅವಕಾಶ ಅವರಿಗಿರಬೇಕು. ಪ್ರಾಧಿಕಾರವು ಮುಂದಿನ ಪರೀಕ್ಷೆಗೆ ಮುನ್ನವೇ ಈ ವಿಷಯವನ್ನು ಇತ್ಯರ್ಥಗೊಳಿಸಲಿ; ಶಾಸಕರು ಸಭೆಯಲ್ಲಿ ಇದನ್ನು ಕೇಳಲಿ.