ಒಂದೇ ಕುದುರೆಯನ್ನು ಮತ್ತೆ ಮತ್ತೆ ನಡೆಸಬಾರದೇ?

ಮಕ್ಕಳಿಗೆ ಚದುರಂಗ ಕಲಿಸುವವರ ಬಾಯಲ್ಲಿ ಕೆಲವು ಸೂತ್ರಗಳು ಮಗ್ಗಿಯಂತೆ ಉರುಳುತ್ತವೆ: ನಡುವಣ ಮನೆಗಳನ್ನು ಕಾಲಾಳುಗಳಿಂದ ಹಿಡಿಯಬೇಕು, ಆರಂಭದಲ್ಲಿ ಒಂದೇ ಕಾಯಿಯನ್ನು ಎರಡು ಬಾರಿ ನಡೆಸಬಾರದು. ಸೂತ್ರಗಳು ಸುಳ್ಳಲ್ಲ. ಆದರೆ ಕಾರಣ ಹೇಳದೆ ಅವುಗಳನ್ನು ಬಾಯಿಪಾಠ ಮಾಡಿಸುವುದು ಬೋಧನೆಯಲ್ಲ ಎಂಬುದು ನನ್ನ ದೂರು. ಈ ದೂರಿನ ಮೊದಲ ಆರೋಪಿ ನಾನೇ.

ಬಹಳ ವರ್ಷಗಳ ಹಿಂದೆ ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹುಡುಗರನ್ನು ಆರಿಸುತ್ತಿದ್ದೆ. ನಾನು ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ ನಡೆಸಿದೆ. ಎಂಟನೆಯ ತರಗತಿಯ ಹುಡುಗನೊಬ್ಬ ಕುದುರೆಯನ್ನು ಎಫ್6ಕ್ಕೆ ತಂದ. ಕಾಲಾಳನ್ನು ಇ5ಕ್ಕೆ ತಳ್ಳಿದೆ. ಕುದುರೆ ಡಿ5ಕ್ಕೆ ಜಿಗಿಯಿತು. ನಾನು ಡಿ4, ಅವನು ಡಿ6. ನಾನು ಸಿ4, ಕುದುರೆ ಬಿ6ಕ್ಕೆ. "ನಾಲ್ಕು ನಡೆಗಳಲ್ಲಿ ಮೂರು ಒಂದೇ ಕುದುರೆಗೆ! ಇದು ಆಟವಲ್ಲ, ಪಲಾಯನ" ಎಂದು ಗದರಿ ಅವನ ಹೆಸರನ್ನು ಹೊಡೆದುಹಾಕಿದೆ.

ಅದು ಅಲೆಖೈನ್ ರಕ್ಷಣೆ ಎಂಬುದು ನನಗೆ ತಿಳಿದದ್ದು ಅನಂತರ. 1921ರ ಬುಡಾಪೆಸ್ಟ್ ಪಂದ್ಯಾವಳಿಯಲ್ಲಿ ಅಲೆಕ್ಸಾಂಡರ್ ಅಲೆಖೈನ್ ಅದನ್ನು ಆಡಿ ಪ್ರಸಿದ್ಧಿಗೆ ತಂದರು. 1972ರಲ್ಲಿ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಶಿಪ್‌ನ ಹದಿಮೂರನೆಯ ಆಟದಲ್ಲಿ ಬಾಬಿ ಫಿಷರ್ ಅದರಿಂದಲೇ ಬೋರಿಸ್ ಸ್ಪಾಸ್ಕಿಯನ್ನು ಸೋಲಿಸಿದರು.

ಅದರ ತರ್ಕವನ್ನು ನೋಡಿ. ಕುದುರೆ ಓಡುತ್ತಿಲ್ಲ, ಕಾಲಾಳುಗಳನ್ನು ಕರೆಯುತ್ತಿದೆ. ಕಪ್ಪು ವ್ಯಯಿಸಿದ ಕಾಲವನ್ನು ಬಿಳಿಯೂ ಕಾಲಾಳುಗಳ ಮೇಲೆಯೇ ವ್ಯಯಿಸಿದೆ. ನಾಲ್ಕು ನಡೆಗಳಾದರೂ ಅದರ ಒಂದು ಕುದುರೆಯಾಗಲಿ ಒಂಟೆಯಾಗಲಿ ಹೊರಬಂದಿಲ್ಲ. ಎಫ್4 ಕೂಡ ಸೇರಿದರೆ ನಾಲ್ಕು ಕಾಲಾಳುಗಳ ಭವ್ಯ ಸಾಲು ಸಿದ್ಧ. ಆದರೆ ಮುಂದೆ ಹೋದ ಕಾಲಾಳು ಹಿಂದಿರುಗಲಾರದು. ಕಪ್ಪು ಇ5ರ ಕಾಲಾಳನ್ನು ಹೊಡೆದು, ಇನ್ನೊಂದು ಕುದುರೆಯನ್ನು ಸಿ6ಕ್ಕೂ ಒಂಟೆಯನ್ನು ಎಫ್5ಕ್ಕೂ ತಂದಾಗ, ಆ ಸಾಲನ್ನು ಕಾಯುವುದೇ ಬಿಳಿಯ ಉದ್ಯೋಗವಾಗುತ್ತದೆ. ಕಾಯ್ದುಕೊಂಡರೆ ಬಿಳಿಗೆ ವಿಶಾಲವಾದ ನೆಲ. ತಪ್ಪಿದರೆ ಸಾಲೇ ಕುಸಿಯುತ್ತದೆ. ಇಂದಿನ ಗಣಕಯಂತ್ರಗಳು ಬಿಳಿಗೇ ತುಸು ಮೇಲುಗೈ ಎನ್ನುತ್ತವೆ, ನಿಜ. ಆದರೆ ತುಸು ಹಿನ್ನಡೆಯೆಂದರೆ ಮೂರ್ಖತನವಲ್ಲ.

"ಮೊದಲು ನಿಯಮ ಕಲಿಯಲಿ, ಅಪವಾದ ಆಮೇಲೆ" ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರವಿಷ್ಟೇ: ನಡುವಣ ಮನೆಗಳು ಏಕೆ ಮುಖ್ಯ, ಅವುಗಳನ್ನು ಹಿಡಿಯುವುದರ ಬೆಲೆಯೇನು ಎಂಬುದನ್ನು ಈ 'ಅಪವಾದ'ವೇ ಚೆನ್ನಾಗಿ ಕಲಿಸುತ್ತದೆ. ಕಾರಣವರಿಯದ ನಿಯಮ, ಎದುರಾಳಿ ಪಾಠದಲ್ಲಿಲ್ಲದ ನಡೆಯನ್ನು ನಡೆಸಿದೊಡನೆ ನಿರುಪಯೋಗಿ. ಅಂದು ಮೇಷ್ಟರಾದ ನನಗೆ ಆದದ್ದೂ ಅದೇ.

ಆ ಹುಡುಗ ಮತ್ತೆ ಚದುರಂಗದ ಮಣೆಯ ಬಳಿ ಬರಲಿಲ್ಲ. ನಾನು ಅವನನ್ನು ಕೇಳಬೇಕಾಗಿದ್ದುದು ಒಂದೇ ಪ್ರಶ್ನೆ: "ಹೀಗೇಕೆ ನಡೆಸಿದೆಯಪ್ಪಾ?"